ಪಂಚೆ ಉಟ್ಟವರನ್ನು ಮಾಲ್ ಬಾಗಿಲಲ್ಲಿ ತಡೆದರೆ ಯಾರ ತಪ್ಪು?

ಬ್ಯಾಡಗಿ ಖಾರ: 2024ರ ಜುಲೈ ನೆನಪಿದೆಯಾ? ಹಾವೇರಿ ಕಡೆಯ ಹಿರಿಯ ರೈತರು ಮಗನ ಜೊತೆ ಸಿನಿಮಾಗೆ ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ ಒಳಗೇ ಬಿಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋದಲ್ಲೂ ಇದೇ ಕಥೆ. ಟಿಕೆಟ್ ಇತ್ತು, ಬಟ್ಟೆ ಕೊಳೆ ಅಂತ ಇನ್ನೊಬ್ಬರನ್ನು ತಡೆದರು. ಈ ಊರಲ್ಲಿ ಬಟ್ಟೆ ನೋಡಿ ಮನುಷ್ಯನ ಬೆಲೆ ಕಟ್ಟುತ್ತಾರೆ.

ಎಕ್ಸೆಲ್ ಶೀಟ್: ಕಟ್ಟಲಿ ಬಿಡಿ, ಮಾಲ್ ಖಾಸಗಿ ಜಾಗ. ಸರ್ಕಾರ 7 ದಿನ ಮುಚ್ಚಿಸ್ತೇವೆ ಅಂತ ಬೀಗ ಹಾಕಿಸಿತಲ್ಲ, ಒಳಗೆ ನೆಲ ಒರೆಸುವವರ ಗತಿ ಏನು?

ಲಿಫ್ಟ್ ನಂಬರ್ 2: "ಖಾಸಗಿ ಜಾಗ"ವಂತೆ! ಸಂವಿಧಾನದ 15(2) ಓದಿ. ಅಂಗಡಿ, ಹೋಟೆಲ್, ಮನರಂಜನೆಯ ಜಾಗ, ಎಲ್ಲೂ ತಡೆಯುವಂತಿಲ್ಲ.

ಎಕ್ಸೆಲ್ ಶೀಟ್: ಅರ್ಧ ಓದಿದ್ದೀರಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಈ ಕಾರಣಕ್ಕೆ ತಡೆಯುವಂತಿಲ್ಲ ಅಂತಿದೆ. ಬಟ್ಟೆ ಎಲ್ಲಿದೆ? ಬಡತನ ಎಲ್ಲಿದೆ?

ಸುಮ್ನಿರು ಗುರು: ಮುಚ್ಚಿಸಿದ್ದು ಪಂಚೆಗಲ್ಲ, ಆಸ್ತಿ ತೆರಿಗೆ ಬಾಕಿಗೆ. ಪೇಪರ್ ಓದ್ರಪ್ಪಾ.

ಬ್ಯಾಡಗಿ ಖಾರ: ಅದುವರೆಗೆ ಆ ಬಾಕಿ ಯಾರ ಕಣ್ಣಿಗೂ ಬೀಳಲಿಲ್ವಾ? ವಿಧಾನಸಭೆಯಲ್ಲಿ ಮಾತು ಎದ್ದ ಮೇಲೆ ತಾನೇ ಬೀಗ ಬಿದ್ದಿದ್ದು?

ಸುಮ್ನಿರು ಗುರು: ಅಂದ್ರೆ ತೆರಿಗೆ ಕಟ್ಟದವರ ಪರವಾ ನೀವು?

ಬ್ಯಾಡಗಿ ಖಾರ: ನಾನೆಲ್ಲಿ ಹಾಗಂದೆ?! ಕನ್ನಡ ಓದೋಕೆ ಬರುತ್ತಾ ನಿಮಗೆ?

ಸುಮ್ನಿರು ಗುರು: ಹೌದು ಅಥವಾ ಇಲ್ಲ ಅನ್ನಿ. ನಾನು ವರ್ಷಾ ವರ್ಷಾ ಕಟ್ಟುತ್ತೇನೆ.

ಲಿಫ್ಟ್ ನಂಬರ್ 2: ತೆರಿಗೆ ಪುರಾಣ ಸಾಕು. 2014ರಲ್ಲಿ ಚೆನ್ನೈನ ಕ್ಲಬ್ ಒಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನು ತಡೆಯಿತು. ಮುಂದಿನ ತಿಂಗಳೇ ತಮಿಳುನಾಡು ಕಾಯ್ದೆ ಮಾಡಿತು. ನಮ್ಮ ರೈತರಿಗೆ ಸಿಕ್ಕಿದ್ದು ಕ್ಷಮೆ, ಸನ್ಮಾನ. ತಡೆದದ್ದು ಯಾರನ್ನು ಅನ್ನೋದರ ಮೇಲೆ ಕಾನೂನು ಎಚ್ಚರವಾಗುತ್ತೆ, ಅಲ್ವಾ?

ಸುಮ್ನಿರು ಗುರು: ಓಹೋ, ಈಗ ತಮಿಳುನಾಡಿನಿಂದ ಕಲೀಬೇಕಾ? ಕಾವೇರಿ ನೀರನ್ನೂ ಪೂರ್ತಿ ಬಿಟ್ಟುಬಿಡೋಣ ಬಿಡಿ.

ನೈಟ್ ಡ್ಯೂಟಿ: ನಾನು ಬೇರೆ ಮಾಲ್‌ನಲ್ಲಿ ಗಾರ್ಡ್. ಮೆಟ್ರೋ ಪ್ರಕರಣದಲ್ಲಿ ಕೆಲಸ ಹೋಗಿದ್ದು ಸೆಕ್ಯೂರಿಟಿ ಸೂಪರ್‌ವೈಸರ್‌ದು, ಮೇಲಿನವರದ್ದಲ್ಲ. ಯಾರನ್ನು ಬಿಡಬಾರದು ಅಂತ ನಮಗೆ ಬಾಯಲ್ಲೇ ಹೇಳ್ತಾರೆ, ಬರೆದು ಕೊಡಲ್ಲ. ಬಿಟ್ಟರೂ ಬೈಗುಳ, ತಡೆದರೆ ವಿಡಿಯೋ.

ಎಕ್ಸೆಲ್ ಶೀಟ್: "ಬರೆದು ಕೊಡಲ್ಲ." ಅಂದರೆ ಸಾಕ್ಷಿ ಇಲ್ಲ ಅಂತಾಯ್ತು.

ಬ್ಯಾಡಗಿ ಖಾರ: ಥೂ, ನಿಮ್ಮ ಸಾಕ್ಷಿಗಿಷ್ಟು!

ಸುಮ್ನಿರು ಗುರು: ತೆರಿಗೆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.