ಎಕ್ಸ್‌ಟೆನ್ಶನ್, ಯೂಸರ್ ಸ್ಕ್ರಿಪ್ಟ್ ಎರಡೂ ಇವೆಯೇ ಎಂದು ಪುಟಕ್ಕೆ ತಿಳಿಯುವುದು ಹೇಗೆ?

ತೀರ್ಥಹಳ್ಳಿ_ತೋಟ: ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ ಅಡಿಕೆ ಧಾರಣೆ ತೋರಿಸುವ ಪುಟಕ್ಕೆ ನಮ್ಮ ಕ್ರೋಮ್ ಎಕ್ಸ್‌ಟೆನ್ಶನ್, ಟ್ಯಾಂಪರ್‌ಮಂಕಿ (ಯೂಸರ್ ಸ್ಕ್ರಿಪ್ಟ್ ಓಡಿಸುವ ಎಕ್ಸ್‌ಟೆನ್ಶನ್) ಸ್ಕ್ರಿಪ್ಟ್ ಎರಡೂ ಬೇಕು. ಕಂಟೆಂಟ್ ಸ್ಕ್ರಿಪ್ಟ್ (ಎಕ್ಸ್‌ಟೆನ್ಶನ್ ಪುಟದೊಳಗೆ ಓಡಿಸುವ ಕೋಡ್) ವಿಂಡೋಗೆ ಹಾಕಿದ ವೇರಿಯಬಲ್ ಪುಟಕ್ಕೆ ಕಾಣುತ್ತಿಲ್ಲ, ಯಾಕೆ?

ಸಾಗರ_ಕೋಡ್: ಕಂಟೆಂಟ್ ಸ್ಕ್ರಿಪ್ಟ್‌ನ ವೇರಿಯಬಲ್‌ಗಳು ಪುಟದಿಂದ ಪ್ರತ್ಯೇಕ, ಇಬ್ಬರಿಗೂ ಕಾಣುವುದು ಡಾಮ್ (ಪುಟದ ಟ್ಯಾಗ್‌ಗಳ ರಚನೆ) ಮಾತ್ರ. ಎಚ್‌ಟಿಎಂಎಲ್ ಟ್ಯಾಗಿಗೆ ಎಕ್ಸ್‌ಟೆನ್ಶನ್, ಯೂಸರ್ ಸ್ಕ್ರಿಪ್ಟ್ ಎರಡೂ ಬೇರೆ ಬೇರೆ ಹೆಸರಿನ ಡೇಟಾ ಆಟ್ರಿಬ್ಯೂಟ್ ಹಾಕಲಿ, ಮೌಲ್ಯವಾಗಿ ಆವೃತ್ತಿ ಸಂಖ್ಯೆ ಇರಲಿ, ಪುಟ ಅವನ್ನು ಓದಿ ಎರಡೂ ಇವೆಯೇ ಎಂದು ತಿಳಿಯಲಿ. ಒಂದೇ ಸಲ ನೋಡಿ ‘ಇಲ್ಲ’ ಅನ್ನಬೇಡಿ. ಸ್ಕ್ರಿಪ್ಟ್ ತಡವಾಗಿ ಓಡಬಹುದು, ಮ್ಯುಟೇಶನ್ ಅಬ್ಸರ್ವರ್ (ಡಾಮ್ ಬದಲಾದಾಗ ತಿಳಿಸುವ ಸೌಲಭ್ಯ) ಹಚ್ಚಿ 2 ಸೆಕೆಂಡ್ ಕಾಯಿರಿ.

ಕೊಪ್ಪದಿಂದ: ಕ್ರೋಮ್ 138ರಿಂದ ಟ್ಯಾಂಪರ್‌ಮಂಕಿಯ ವಿವರಪುಟದಲ್ಲಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಆನ್ ಇಲ್ಲದಿದ್ದರೆ ಸ್ಕ್ರಿಪ್ಟ್ ಇದ್ದೂ ಓಡದು. ಬೆಳೆಗಾರರಿಗೆ ‘ಇನ್‌ಸ್ಟಾಲ್ ಆಗಿಲ್ಲ’ ಎನ್ನದೆ, ಆ ಸ್ವಿಚ್ ನೋಡಲು ಹೇಳಿ. ಎಕ್ಸ್‌ಟೆನ್ಶನ್ನಿನ ಐಕಾನ್ ಫೈಲ್ ಹುಡುಕಿ ಅದು ಇದೆಯೇ ಎಂದು ಪತ್ತೆ ಮಾಡುವ ದಾರಿ ಬೇಡವೇ ಬೇಡ. ಫೈರ್‌ಫಾಕ್ಸ್‌ನಲ್ಲಿ ಆ ಫೈಲಿನ ವಿಳಾಸ ಒಬ್ಬೊಬ್ಬರಿಗೆ ಒಂದೊಂದು.