ಆಫರ್‌ನಲ್ಲಿ ಬಂದ ರೆಡಿಮೇಡ್ ಗೇಮಿಂಗ್ ಪಿಸಿ: ತಗೋಬೇಕೋ ಬ್ಯಾಡೋ?

ಪ್ರಶ್ನೆ (ಕಲಬುರಗಿ, ಆಳಂದ ರಸ್ತೆ)

ನನ್ನ ತಮ್ಮನದು ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಕೆಲಸಕ್ಕೆ, ಜೊತೆಗೆ ವ್ಯಾಲೊರಂಟ್, ಜಿಟಿಎ 5 ಆಡೋದಕ್ಕೆ ಪಿಸಿ ಬೇಕು. ಆನ್‌ಲೈನ್‌ನಲ್ಲಿ ಒಂದು ಸೆಟ್ ನೋಡಿದೀವಿ. "ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050, ಆರ್‌ಜಿಬಿ ಕ್ಯಾಬಿನೆಟ್, ವಿಂಡೋಸ್ 11" ಅಂತ ಅದೆ. ಎಂಆರ್‌ಪಿ 1,10,000 ಹೊಡೆದುಹಾಕಿ 64,990 ಬರೆದಿದ್ದಾರೆ. ಮಾನಿಟರ್ ಬೇರೆ ತಗೋಬೇಕು. ಇದನ್ನ ತಗೋಬಹುದಾ, ಬಿಡಿ ಸಾಮಾನು ತಂದು ಬಿಲ್ಡ್ ಮಾಡಿಸೋದು ಒಳ್ಳೇದಾ? ಗೊತ್ತಿದ್ದವರು ಹೇಳ್ರಿ.

ಕಲಬುರಗಿ, ಸೂಪರ್ ಮಾರ್ಕೆಟ್

ಅಕ್ಕಾ, ಮೊದಲ ಆ 1,10,000 ಮರತುಬಿಡ್ರಿ. ಜೋಡಿಸಿದ ಪಿಸಿಗೆ ಎಂಆರ್‌ಪಿ ಅಂದ್ರ ಮಾರೋರು ತಾವೇ ಬರಕೊಂಡ ಅಂಕಿ. ಖರೇ ರಿಯಾಯಿತಿ ಎಷ್ಟ ಅದ ಅಂತ ತಿಳೀಬೇಕಂದ್ರ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಎಲ್ಲಾ ಸಾಮಾನಿಗೂ ಕರೆಂಟ್ ಕೊಡೋ ಡಬ್ಬಿ), ಕ್ಯಾಬಿನೆಟ್ ಏಳಕ್ಕೂ ಕಂಪನಿ ಹೆಸರು, ಪೂರ್ತಿ ಮಾಡೆಲ್ ನಂಬರ್ ಮೆಸೇಜಿನ್ಯಾಗ ತರಿಸ್ಕೋರಿ. ಅದೇ ದಿನದ ಬಿಡಿ ಬೆಲಿ ಕೂಡಿಸಿ ನೋಡ್ರಿ. ಫೋನಿನ್ಯಾಗ ಹೇಳಿದ್ದು ಲೆಕ್ಕಕ್ಕಿಲ್ಲ, ಬರದು ಕೊಡಬೇಕು.

"ಐ5" ಅಂತ ಬರದ್ರ ಏನೂ ತಿಳಿಯಂಗಿಲ್ಲ. 2012ರ ಐ5-3470ನೂ ಐ5, 2022ರ ಐ5-12400ಎಫ್‌ನೂ ಐ5. ಮೊದಲನೇದಕ್ಕ ನಾಕು ಕೋರ್ (ಕೆಲಸ ಮಾಡೋ ಭಾಗ), ನಾಕು ಥ್ರೆಡ್ (ಒಂದೇ ಹೊತ್ತಿಗೆ ನಡಸೋ ಕೆಲಸ). ಎರಡನೇದಕ್ಕ ಆರು ಕೋರ್, ಹನ್ನೆರಡು ಥ್ರೆಡ್. ವಿಂಡೋಸ್ 11ಕ್ಕ ಇಂಟೆಲ್‌ದಾಗ 8ನೇ ತಲೆಮಾರು ಇಲ್ಲಾ ಅದರ ಮ್ಯಾಲಿಂದು ಬೇಕು, ಟಿಪಿಎಂ 2.0 (ಪಿಸಿ ಒಳಗಿನ ಭದ್ರತಾ ಏರ್ಪಾಟು) ಬೇಕು. ಹಳೇ ಬೋರ್ಡಿನ ಮ್ಯಾಲೆ ಅಡ್ಡದಾರಿಲೆ ವಿಂಡೋಸ್ 11 ಹಾಕಿ ಕೊಡತಾರ, ಯಂತ್ರ ನಡೀತದ. ಆದ್ರ ವ್ಯಾಲೊರಂಟಿನ ಮೋಸದಾಟ ತಡಿಯೋ ಕಾವಲು ಸಾಫ್ಟ್‌ವೇರು ವಿಂಡೋಸ್ 11ರ ಮ್ಯಾಲೆ ಟಿಪಿಎಂ 2.0, ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗ ನಂಬಿಗಿ ಸಾಫ್ಟ್‌ವೇರನ್ನಷ್ಟೇ ಬಿಡೋದು) ಎರಡೂ ಕೇಳತದ, ಇಲ್ಲಂದ್ರ ಆಟ ಶುರುನೇ ಆಗಂಗಿಲ್ಲ. ವಿಂಡೋಸ್ 10ಕ್ಕ ಹೋಗತೀನಿ ಅಂದ್ರ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದದ.

ಬೆಲಿ ಇಳಸೋರು ಮೊದಲ ಕೈ ಹಾಕೋದು ಎಸ್‌ಎಂಪಿಎಸ್‌ಗೆ, ಯಾಕಂದ್ರ ಜಾಹೀರಾತಿನ್ಯಾಗ ಅದರ ಹೆಸರು ಯಾರೂ ಕೇಳಂಗಿಲ್ಲ. ಅದರ ಬಾಜೂಕ ಒಂದು ಚೀಟಿ ಅಂಟಿಸಿರತಾರ, ಅದರ ಫೋಟೋ ತರಿಸ್ರಿ. ಮ್ಯಾಲೆ ದೊಡ್ಡದಾಗಿ 450 ವ್ಯಾಟ್ ಅಂತ ಇರತದ, ಅದನ್ನ ನೋಡಬ್ಯಾಡ್ರಿ. ಕೆಳಗಿನ ಪಟ್ಟಿದಾಗ +12 ವೋಲ್ಟ್ ಅನ್ನೋ ಕಾಲಂ ಹುಡುಕಿ ಎಷ್ಟು ಆಂಪಿಯರ್ ಅದ ನೋಡ್ರಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳಕೊಳ್ಳೋದು ಆ 12 ವೋಲ್ಟ್ ಗೆರಿಯಿಂದಾನೇ. ಅಲ್ಲಿ 18 ಆಂಪಿಯರ್ ಇದ್ರ 12ಕ್ಕ 18 ಗುಣಿಸಿ 216 ವ್ಯಾಟ್, ಅಷ್ಟೇ ಅದರ ಖರೇ ತಾಕತ್ತು. ಉಳಿದದ್ದು 3.3, 5 ವೋಲ್ಟಿನ ಲೆಕ್ಕ ಸೇರಿಸಿ ಉಬ್ಬಿಸಿದ್ದು. ಒಳ್ಳೆ 500 ವ್ಯಾಟಿಂದ್ರಾಗ 12 ವೋಲ್ಟಿಗೆ 38ರಿಂದ 41 ಆಂಪಿಯರ್ ಇರತದ. 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ಪೋಲು ಮಾಡತದ ಅನ್ನೋ ಪ್ರಮಾಣಪತ್ರ), ಆಕ್ಟಿವ್ ಪಿಎಫ್‌ಸಿ (ಕರೆಂಟ್ ಸಮ ಎಳಕೊಳ್ಳೋ ಸರ್ಕೀಟು), ಕನಿಷ್ಠ 3 ವರ್ಷ ವಾರಂಟಿ ಇದ್ದದ್ದನ್ನೇ ಒಪ್ಪಕೋರಿ. ಕಳಪೆ ಎಸ್‌ಎಂಪಿಎಸ್ ಆಟದ ನಡುವೆ ಪಿಸಿ ತಂತಾನೇ ರೀಸ್ಟಾರ್ಟ್ ಆಗಂಗ ಮಾಡತದ, ಸುಡೋ ಹೊತ್ತಿಗೆ ಬೋರ್ಡ್, ಕಾರ್ಡ್ ಎರಡನ್ನೂ ಕರಕೊಂಡು ಹೋಗಬಹುದು.

ಬೀದರ್

ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡುಗಳಿವೆ. 8 ಜಿಬಿಯದಕ್ಕೆ 2560 ಕೋರ್, 128 ಬಿಟ್ ಮೆಮೊರಿ ದಾರಿ, 130 ವ್ಯಾಟ್. 2024ರಲ್ಲಿ ಬಂದ 6 ಜಿಬಿಯದಕ್ಕೆ 2304 ಕೋರ್, 96 ಬಿಟ್, 70 ವ್ಯಾಟ್. ಕಡಿಮೆಯಾದದ್ದು ಬರೀ 2 ಜಿಬಿ ಮೆಮೊರಿ ಅಂದುಕೊಳ್ಳಬೇಡಿ, ವೇಗವೂ ಎದ್ದು ಕಾಣುವಷ್ಟು ಕಮ್ಮಿ. ಜಾಹೀರಾತಿನಲ್ಲಿ ಜಿಬಿ ಬರೆದಿಲ್ಲವೆಂದರೆ 6 ಜಿಬಿಯೇ ಎಂದು ಲೆಕ್ಕ ಹಾಕಿ. ಈ ಬೆಲೆಗೆ ಸಾಧ್ಯವಾದರೆ ಆರ್‌ಟಿಎಕ್ಸ್ 4060 ಇರುವ ಸೆಟ್ ಹುಡುಕಿ. ಅದು 115 ವ್ಯಾಟ್ ಮಾತ್ರ ತಿನ್ನುತ್ತದೆ, ನಮ್ಮ ಕಡೆಯ ಬಿಸಿಲಿಗೆ ಅದೂ ಒಂದು ಲಾಭ. ಬ್ಲೆಂಡರ್ ಇರುವುದರಿಂದ ಎನ್‌ವಿಡಿಯಾ (ಆರ್‌ಟಿಎಕ್ಸ್ ಮಾಡುವ ಕಂಪನಿ) ಬಿಟ್ಟು ಬೇರೆಯ ಕಡೆ ಹೋಗಬೇಡಿ, ಬ್ಲೆಂಡರಿನ ಸೈಕಲ್ಸ್ ಎಂಬ ಚಿತ್ರ ತಯಾರಿಸುವ ಭಾಗ ಎನ್‌ವಿಡಿಯಾದ ಆಪ್ಟಿಕ್ಸ್ ತಂತ್ರದಲ್ಲಿ ಓಡುವ ವೇಗವೇ ಬೇರೆ.

ಎಎಂಡಿ ಪ್ರೊಸೆಸರ್ ಇರುವ ಸೆಟ್ ಕಂಡರೆ ರೈಜನ್ 5 5500 ಮತ್ತು 5600 ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಎರಡಕ್ಕೂ ಆರು ಕೋರ್. ಆದರೆ 5500ಕ್ಕೆ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ), ಪಿಸಿಐಇ (ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ) 3.0. 5600ಕ್ಕೆ 32 ಎಂಬಿ, ಪಿಸಿಐಇ 4.0. ಆಟಗಳಲ್ಲಿ ಕ್ಯಾಶ್ ಹೆಚ್ಚಿದ್ದರೆ ಸೆಕೆಂಡಿಗೆ ಬರುವ ಫ್ರೇಮ್ (ಚಿತ್ರ) ನೇರವಾಗಿ ಹೆಚ್ಚುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು ಎ520 ಬೋರ್ಡಿಗೆ ಕೂಡಿಸಿ ಮಾರುವ ಸೆಟ್‌ಗಳಿಂದ ದೂರವಿರಿ: ಆ ಕಾರ್ಡಿಗೆ ಪಿಸಿಐಇ ದಾರಿಯಲ್ಲಿ ನಾಲ್ಕೇ ಲೇನ್, ಆ ಬೋರ್ಡ್ ಪಿಸಿಐಇ 3.0 ಮಾತ್ರ, ಮೆಮೊರಿ 4 ಜಿಬಿ. ಮೂರೂ ಸೇರಿ ಕಾರ್ಡ್ ಏದುಸಿರು ಬಿಡುತ್ತದೆ.

ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ವಾರಂಟಿಗೆ ಹೋದಷ್ಟು ದಿನ ಪರದೆಯ ಮೇಲೆ ಏನೂ ಬರುವುದಿಲ್ಲ, ಕಾಲೇಜಿನ ಕೆಲಸವೂ ನಿಲ್ಲುತ್ತದೆ. ಎಫ್ ಇಲ್ಲದ್ದು ಸ್ವಲ್ಪ ತುಟ್ಟಿ, ವಿದ್ಯಾರ್ಥಿಗೆ ಆ ದುಡ್ಡು ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಕಲಬುರಗಿ, ಸೇಡಂ ರಸ್ತೆ

ರ‍್ಯಾಮ್ ಬಗ್ಗೆ ಯಾರೂ ಹೇಳಿಲ್ಲ. 16 ಜಿಬಿ ಅಂದರೆ 16ರದು ಒಂದೇ ಕಡ್ಡಿಯೋ, 8ರದು ಎರಡೋ ಕೇಳಿ. ಒಂದೇ ಕಡ್ಡಿ ಇದ್ದರೆ ಪ್ರೊಸೆಸರಿಗೆ ಮೆಮೊರಿ ದಾರಿ ಅರ್ಧಕ್ಕರ್ಧ ಕಡಿಮೆ, ಆಟ ನಡುನಡುವೆ ತಡವರಿಸುತ್ತದೆ. ಎರಡು ಕಡ್ಡಿ ಇದ್ದರೂ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್) ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಆಯ್ಕೆ) ಆನ್ ಮಾಡದೇ ಕಳಿಸುವುದು ಮಾಮೂಲು. ಆಗ 3200ರ ಡಿಡಿಆರ್4 ಕಡ್ಡಿ 2133ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿದರೆ ವೇಗ ಮತ್ತು ಎಷ್ಟು ಸ್ಲಾಟ್ ತುಂಬಿದೆ ಎರಡೂ ಅಲ್ಲೇ ಕಾಣುತ್ತವೆ.

ಇನ್ನೊಂದು ಮಾತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಅದರ ಬೆನ್ನಿಗೆ ಎಸ್‌ಎಸ್‌ಡಿಯೂ ಏರಿದೆ. ಹಾಗಾಗಿ "ಬಿಡಿ ಸಾಮಾನೇ ಯಾವಾಗಲೂ ಅಗ್ಗ" ಎಂಬ ಹಳೇ ಮಾತು ಈಗ ಎಲ್ಲ ಕಡೆ ನಿಲ್ಲುವುದಿಲ್ಲ. ಹಳೇ ಸ್ಟಾಕಿನಲ್ಲಿ ಜೋಡಿಸಿಟ್ಟ ಒಳ್ಳೆಯ ಸೆಟ್ ಬಿಡಿ ಲೆಕ್ಕಕ್ಕಿಂತ ಕಡಿಮೆಗೆ ಸಿಗಬಹುದು. ಸೂಪರ್ ಮಾರ್ಕೆಟ್‌ನವರು ಹೇಳಿದಂತೆ ಕೂಡಿಸಿ ನೋಡಿದರೆ ಅದು ತಾನಾಗಿ ತಿಳಿಯುತ್ತದೆ.

ಯಾದಗಿರಿ

ನಮ್ಮ ಭಾಗದಾಗ ಬಿಸಿಲು, ಕರೆಂಟು ಎರಡನ್ನೂ ಲೆಕ್ಕಕ್ಕ ಹಿಡೀದೇ ಪಿಸಿ ತಗೋಬಾರದು. ಎಪ್ರಿಲ್, ಮೇ ತಿಂಗಳದಾಗ ಹೊರಗ 42 ಡಿಗ್ರಿ ಇದ್ರ ಕೋಣಿ ಒಳಗ 36-37 ಇರತದ. ಯೂಟ್ಯೂಬಿನ್ಯಾಗ ತೋರಿಸೋ ಉಷ್ಣತಾ ಎಲ್ಲಾ ಎಸಿ ಕೋಣಿ, 24-25 ಡಿಗ್ರಿ ಲೆಕ್ಕ. ಅಲ್ಲಿ ಕಾರ್ಡ್ 70 ತೋರಿಸಿದ್ರ ಇಲ್ಲಿ 82 ಅಂತ ತಿಳಕೋರಿ. ಮುಂಭಾಗ ಪೂರ್ತಿ ಗಾಜು ಇರೋ ಕ್ಯಾಬಿನೆಟ್ ನೋಡಲಿಕ್ಕ ಚಂದ, ಒಳಗ ಗಾಳಿನೇ ಹೋಗಂಗಿಲ್ಲ. ಮುಂದ ಜಾಳಿಗಿ ಇದ್ದದ್ದು, ಮುಂದ ಎರಡು ಫ್ಯಾನ್ ಒಳಗ ಎಳೀಬೇಕು, ಹಿಂದ ಒಂದು ಹೊರಗ ದಬ್ಬಬೇಕು. ಆರ್‌ಜಿಬಿ ಫ್ಯಾನ್ ನಾಕೂ ಒಂದೇ ದಿಕ್ಕಿಗೆ ಹಾಕಿ ಮಾರೋದೂ ಉಂಟು, ಚೌಕಟ್ಟಿನ ಕಂಬಿ ಇರೋ ಕಡಿಗೆ ಗಾಳಿ ಹೋಗತದ ಅಂತ ನೆನಪಿಟ್ಟು ಫೋಟೋ ನೋಡ್ರಿ.

ನೀರಿನ ಕೂಲರ್ ಹಚ್ಚೋ ಮನಿ ಇದ್ರ ಅದರ ಗಾಳಿ ಪಿಸಿ ಕಡಿಗೆ ತಿರುಗಿಸಬ್ಯಾಡ್ರಿ. ತಣ್ಣಗಿರತದ ಅಂತ ಭಾಳ ಮಂದಿ ಎದುರಿಗೇ ಇಡತಾರ. ಆ ಗಾಳಿದಾಗ ತೇವ ಇರತದ, ಬೋರಿನ ಗಡಸು ನೀರಿಂದು ಹನಿ ಹಾರಿದ್ರ ಬಿಳಿ ಉಪ್ಪು ಹೀಟ್‌ಸಿಂಕಿನ ಸಂದಿದಾಗ ಧೂಳಿನ ಜೊತಿ ಗಟ್ಟಿಯಾಗಿ ಕೂಡತದ, ಬ್ರಶ್ ಹಾಕಿದ್ರೂ ಬಿಡಂಗಿಲ್ಲ. ಧೂಳು ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರಿಲೆ ತೆಗೀರಿ, ಆಗ ಫ್ಯಾನಿನ ರೆಕ್ಕಿ ಬೆರಳಿಲೆ ಹಿಡಕೋರಿ. ತಿರುಗಲಿಕ್ಕ ಬಿಟ್ರ ಬೇರಿಂಗ್ ಹಾಳಾಗತದ.

ಯುಪಿಎಸ್: 600 ವಿಎ ಅಂದ್ರ 360 ವ್ಯಾಟ್ ಅಷ್ಟೇ. ಇಂಥ ಪಿಸಿ, ಮಾನಿಟರ್ ಕೂಡಿ ಆಟದ ಹೊತ್ತಿಗೆ 250-300 ವ್ಯಾಟ್ ಎಳೀತದ, ಬ್ಯಾಟರಿ ಒಂದು ವರ್ಷ ಹಳೇದಾದ್ರ ಕರೆಂಟ್ ಹೋದ ಕೂಡಲೆ ಯುಪಿಎಸ್‌ನೂ ಬೀಳತದ. 1000 ವಿಎ, 600 ವ್ಯಾಟಿಂದು ತಗೋರಿ. ಮನಿ ಇನ್ವರ್ಟರ್ ಮ್ಯಾಲೆ ನಡಸೋದಿದ್ರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿಗೆ ಹಾಕ್ರಿ. ಇನ್ನೊಂದು ಮೋಡಿನ್ಯಾಗ ಬದಲಾಗಲಿಕ್ಕ ಹೊತ್ತು ಹಿಡೀತದ, ಪಿಸಿ ಆರತದ.

ಅರ್ಥಿಂಗ್ ನೋಡಿಸ್ರಿ. ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂದ್ರ ಅರ್ಥ್ ಇಲ್ಲ ಅಂತನೇ ಲೆಕ್ಕ. ಮಲ್ಟಿಮೀಟರಿಲೆ ನ್ಯೂಟ್ರಲ್, ಅರ್ಥ್ ನಡುವೆ 3 ವೋಲ್ಟಿನ ಒಳಗ ಬರಬೇಕು, ಫೇಸ್, ಅರ್ಥ್ ನಡುವೆ ಹೆಚ್ಚುಕಮ್ಮಿ ಫೇಸ್, ನ್ಯೂಟ್ರಲ್ ಅಷ್ಟೇ ಬರಬೇಕು. ಬ್ಯಾಸಿಗಿದಾಗ ಅರ್ಥಿನ ಕುಣಿ ಒಣಗತದ, ಆಗಾಗ ನೀರು ಹಾಕಬೇಕು.

ಬೀದರ್

ಬಿಲ್ಲಿನ ಬಗ್ಗೆ ಒಂದು ಸೇರಿಸುತ್ತೇನೆ. "ಗೇಮಿಂಗ್ ಪಿಸಿ, 1 ನಗ" ಎಂದು ಒಂದೇ ಸಾಲಿನ ಬಿಲ್ ಕೊಟ್ಟರೆ ವಾರಂಟಿ ಪೂರ್ತಿ ಮಾರಿದವರ ಕೈಯಲ್ಲಿ. ಪ್ರತಿ ಸಾಮಾನಿನ ಹೆಸರು, ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಇರಬೇಕು. ಆಗ ಪ್ರೊಸೆಸರಿಗೆ, ಕಾರ್ಡಿಗೆ ಸಾಮಾನ್ಯವಾಗಿ ಸಿಗುವ 3 ವರ್ಷದ ಕಂಪನಿ ವಾರಂಟಿಗೆ ನೀವೇ ನೇರವಾಗಿ ಸರ್ವಿಸ್ ಸೆಂಟರಿಗೆ ಹೋಗಬಹುದು. "1 ವರ್ಷ ನಮ್ಮ ವಾರಂಟಿ" ಎಂದರೆ ಉಳಿದ 2 ವರ್ಷ ಎಲ್ಲಿ ಹೋಯಿತು ಎಂದು ಕೇಳಿ. ಖಾಲಿ ಡಬ್ಬಗಳನ್ನೂ ಕಳಿಸಲು ಹೇಳಿ. ಬೇರೆ ರಾಜ್ಯದಿಂದ ಬಂದರೆ ಬಿಲ್ಲಿನಲ್ಲಿ 18% ಐಜಿಎಸ್‌ಟಿ ಕಾಣಬೇಕು. "ಜಿಎಸ್‌ಟಿ ಇಲ್ಲದ ರೇಟು" ಎಂದರೆ ವಾರಂಟಿಯೂ ಇಲ್ಲ ಎಂದೇ ಇಟ್ಟುಕೊಳ್ಳಿ.

ದೊಡ್ಡ ಕಂಪನಿಗಳು ತಾವೇ ಮಾಡುವ ಪಿಸಿಯಲ್ಲಿ ಬಿಲ್ಲಿನ ತೊಂದರೆ ಇಲ್ಲ, ಮನೆಗೇ ಬಂದು ರಿಪೇರಿ ಮಾಡುವ ಯೋಜನೆಯೂ ಇರುತ್ತದೆ. ಆದರೆ ಅವುಗಳಲ್ಲಿ ಹಲವಕ್ಕೆ ಬೋರ್ಡೂ ಎಸ್‌ಎಂಪಿಎಸ್‌ನ ಪಿನ್ನೂ ಅವರದೇ ಅಳತೆ. ಮುಂದೆ ದೊಡ್ಡ ಕಾರ್ಡ್ ಹಾಕಬೇಕೆಂದರೆ ಅಂಗಡಿಯ ಎಸ್‌ಎಂಪಿಎಸ್ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಾರುವವರಿಗೆ ಬರೆದೆ. ಉತ್ತರ ಹೀಗೆ ಬಂತು: ಐ5-12400ಎಫ್, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 ಒಂದೇ ಕಡ್ಡಿ, 3050 6 ಜಿಬಿ, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, "ಬ್ರ್ಯಾಂಡೆಡ್ 500 ವ್ಯಾಟ್ ಎಸ್‌ಎಂಪಿಎಸ್". ಎಸ್‌ಎಂಪಿಎಸ್ ಹೆಸರು ಎರಡು ಸಲ ಕೇಳಿದರೂ ಹೇಳಲಿಲ್ಲ. ವಾರಂಟಿ 1 ವರ್ಷ, ಅವರದೇ.

ಕಲಬುರಗಿ, ಸೂಪರ್ ಮಾರ್ಕೆಟ್

ಪ್ರೊಸೆಸರ್ ಛಲೋ ಅದ. ಉಳಿದದ್ದು ಈ ಬೆಲಿಗೆ ಬ್ಯಾಡ. ಹೆಸರು ಹೇಳಲಾರದ ಎಸ್‌ಎಂಪಿಎಸ್ ಬಂದ ದಿನನೇ ತೆಗದು ಬ್ಯಾರೆ ಹಾಕಬೇಕು, ಆ ಖರ್ಚು 64,990ರ ಮ್ಯಾಲೆ ಕೂಡಿಸ್ರಿ. ಎಚ್610ಕ್ಕ ಸಾಧಾರಣ ರ‍್ಯಾಮ್ ಸ್ಲಾಟ್ ಎರಡೇ, ಅದಕ್ಕ ಇನ್ನೊಂದು ಕಡ್ಡಿ ಹಾಕಲಿಕ್ಕ ಜಾಗ ಅದ, ಆದ್ರ ಈಗಿನ ರೇಟಿಗೆ ಅದೂ ತುಟ್ಟಿ. ಇದೇ ಪ್ರೊಸೆಸರಿಗೆ 4060, 8ರದು ಎರಡು ಕಡ್ಡಿ, ಹೆಸರಿರೋ 550 ವ್ಯಾಟ್ ಹಾಕಿ ಕೊಟೇಶನ್ ಕೊಡ್ರಿ ಅಂತ ಊರಾಗಿನ ಎರಡು ಅಂಗಡಿ, ಹೈದರಾಬಾದಿನ ಎರಡು ಅಂಗಡಿಗೆ ಕೇಳ್ರಿ. ಸಿಕಂದರಾಬಾದ್ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನ್ಯಾಗ ಸಾಲಾಗಿ ಕಂಪ್ಯೂಟರ್ ಅಂಗಡಿ ಅವ, ನಾಕು ರೇಟ್ ಕೈಯಾಗ ಇದ್ರ ಊರಾಗಿನವರೂ ಇಳೀತಾರ. ವ್ಯತ್ಯಾಸ ಎರಡು ಮೂರು ಸಾವಿರದ ಒಳಗ ಇದ್ರ ಊರಾಗೇ ಮಾಡಿಸ್ರಿ, ಕೆಟ್ಟಾಗ ಹೊತಗೊಂಡು ಹೋಗೋ ದಾರಿ ಸಣ್ಣದಿರತದ.

ಕಲಬುರಗಿ, ಸೇಡಂ ರಸ್ತೆ

ಎಲ್ಲಿಂದ ತಂದರೂ ಬಂದ ದಿನ ಇಷ್ಟು ಮಾಡಿಸಿ. ಡಬ್ಬದ ಟೇಪ್ ಕತ್ತರಿಸುವ ಮೊದಲೇ ವಿಡಿಯೋ ಶುರುಮಾಡಿ, ಆರೂ ಬದಿ, ಮೇಲಿನ ವಿಳಾಸದ ಚೀಟಿ ತೋರಿಸಿ, ನಡುವೆ ನಿಲ್ಲಿಸದೇ ಒಳಗಿನ ತನಕ. ಪ್ಲಗ್ ಹಾಕುವ ಮೊದಲು ಪಕ್ಕದ ಬಾಗಿಲು ತೆಗೆದು ನೋಡಿ. ಸಾಗಣೆಯಲ್ಲಿ ಕಾರ್ಡ್ ಅಲುಗದಿರಲಿ ಅಂತ ಒಳಗೆ ಫೋಮ್ ತುಂಬಿರುತ್ತಾರೆ, ಅದನ್ನು ತೆಗೆಯದೇ ಆನ್ ಮಾಡಿದರೆ ಫ್ಯಾನ್ ಸಿಕ್ಕಿಕೊಂಡು ಸುಡುತ್ತದೆ. ಕಾರ್ಡ್ ಒಂದು ಕಡೆ ಜೋತಿದೆಯಾ, ಸ್ಲಾಟಿನ ಚಿಲಕ ಮುರಿದಿದೆಯಾ ನೋಡಿ. ಮಾನಿಟರ್ ವೈರನ್ನು ಕೆಳಗಿರುವ ಕಾರ್ಡಿನ ತೂತಿಗೇ ಹಾಕಿ. 12400ಎಫ್‌ನಲ್ಲಿ ಮೇಲಿನ ಬೋರ್ಡಿನದಕ್ಕೆ ಹಾಕಿದರೆ ಪರದೆ ಕಪ್ಪಾಗೇ ಇರುತ್ತದೆ, ಪಿಸಿ ಸತ್ತಿದೆ ಅಂತ ಗಾಬರಿ ಬೀಳಬೇಡಿ.

ಆಮೇಲೆ ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ ಕಾರ್ಡಿನ ಹೆಸರು, ಮೆಮೊರಿ ನೋಡಿ, ನಕಲಿ ಎನ್‌ವಿಡಿಯಾ ಕಾರ್ಡ್ ಇದ್ದರೆ ಹೆಸರಿನ ಮುಂದೆ ಫೇಕ್ ಅಂತ ಅದೇ ತೋರಿಸುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ಎಷ್ಟು ತಾಸು ಓಡಿದೆ ನೋಡಿ. ಹೊಸದು ಅಂದವರ ಎಸ್‌ಎಸ್‌ಡಿಯಲ್ಲಿ ಸಾವಿರಾರು ತಾಸು ಕಂಡರೆ ಅದು ಬಳಸಿದ್ದು. ವಿಂಡೋಸ್ ಲೈಸೆನ್ಸ್ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಎಕ್ಸ್‌ಪಿಆರ್ ಹೊಡೆಯಿರಿ. ಮುಗಿಯುವ ತಾರೀಕು ತೋರಿಸಿದರೆ ಅದು ಮನೆ ಬಳಕೆಗೆ ಕೊಂಡ ಲೈಸೆನ್ಸ್ ಅಲ್ಲ. ಕೊನೆಗೆ ಎಚ್‌ಡಬ್ಲ್ಯೂಇನ್ಫೋ (ಉಷ್ಣತೆ ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು ಒಸಿಸಿಟಿಯನ್ನು (ಪಿಸಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವುದು) ಅರ್ಧ ತಾಸು, ಮಧ್ಯಾಹ್ನದ ಬಿಸಿಲಿನಲ್ಲೇ, ಓಡಿಸಿ. ಪ್ರೊಸೆಸರ್ 90 ಡಿಗ್ರಿ, ಕಾರ್ಡ್ 85 ಡಿಗ್ರಿ ದಾಟಬಾರದು. ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮೇಲೆ ಮೊದಲ ಅನುಮಾನ. ವಾಪಸ್ ಕೊಡುವ ಅವಧಿಯೊಳಗೇ ಇದೆಲ್ಲ ಮುಗಿಸಿ. ಮಾರಿದವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 2019ರ ಗ್ರಾಹಕ ಕಾಯ್ದೆಯಡಿ ಮಾರಿದವರು ಯಾವ ಊರಿನವರಾದರೂ ದೂರನ್ನು ಕಲಬುರಗಿ ಜಿಲ್ಲಾ ಆಯೋಗದಲ್ಲೇ ಹಾಕಬಹುದು.

ಬೀದರ್

ಹೈದರಾಬಾದಿನಿಂದ ಬಸ್ಸಿನಲ್ಲಿ ತರುವುದಾದರೆ ಕಾರ್ಡನ್ನು ಅಂಗಡಿಯಲ್ಲೇ ಬಿಚ್ಚಿಸಿ ಅದರ ಡಬ್ಬಕ್ಕೆ ಹಾಕಿಸಿ, ಕೈಚೀಲದಲ್ಲಿಟ್ಟುಕೊಳ್ಳಿ. ಕ್ಯಾಬಿನೆಟ್ಟನ್ನು ಗಾಜಿನ ಬದಿ ಮೇಲೆ ಬರುವಂತೆ ಮಲಗಿಸಿ ಸೀಟಿನ ಮೇಲಿಡಿ, ಡಿಕ್ಕಿಗೆ ಹಾಕಬೇಡಿ. ಮನೆಗೆ ಬಂದು ಕಾರ್ಡ್ ಕೂಡಿಸುವಾಗ ಚಿಲಕ ಟಕ್ ಅನ್ನಬೇಕು. ಆಮೇಲೆ ಪವರ್ ವೈರ್, ಆಮೇಲೆ ಹಿಂದಿನ ಸ್ಕ್ರೂ.