ಅಪ್‌ಡೇಟ್: ನಮ್ಮ ಕಪ್ಪು ಬೆಲ್ಲ ಕೊನೆಗೂ ಮಾರಾಟವಾಗುತ್ತಿದೆ

ಮಂಡ್ಯದ ಪಕ್ಕದ ನಮ್ಮ ಆಲೆಮನೆಯ ಬೆಲ್ಲಕ್ಕೆಂದು ಜಾಲತಾಣದ ಜಾಹೀರಾತಿಗೆ 6,000 ರೂಪಾಯಿ ಸುರಿದೆ, ಲೈಕ್ ಬಂದವೇ ಹೊರತು ಆರ್ಡರ್ ಬರಲಿಲ್ಲ, ಏನು ಮಾಡಲಿ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ.

ತಪ್ಪು ನನ್ನದೇ. ಜಾಹೀರಾತನ್ನು ಇಡೀ ಕರ್ನಾಟಕಕ್ಕೆ ಬಿಟ್ಟಿದ್ದೆ. ಬೀದರಿನವರು ಲೈಕ್ ಒತ್ತಿದರೆ ನನಗೇನು ಬಂತು? ಈಗ ಮೈಸೂರಿನ ಸುತ್ತ 20 ಕಿಲೋಮೀಟರ್‌ಗೆ ಮಾತ್ರ, ದಿನಕ್ಕೆ 100 ರೂಪಾಯಿ. ಒತ್ತಿದವರು ನೇರವಾಗಿ ನನ್ನ ವಾಟ್ಸ್‌ಆ್ಯಪ್‌ಗೆ ಬರುತ್ತಾರೆ.

ನಿಜವಾಗಿ ಕೈಹಿಡಿದದ್ದು ವಿಡಿಯೊ. ಅಪ್ಪ ಕುದಿಯುವ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆದ್ದ ಕೊಳೆ ನೊರೆಯನ್ನು ಬಳಿದು ತೆಗೆಯುವುದನ್ನು ಮೊಬೈಲಿನಲ್ಲೇ ಹಿಡಿದೆ. ‘ಬೆಲ್ಲ ಯಾಕೆ ಇಷ್ಟು ಕಪ್ಪು?’ ಎಂದು ಕೇಳದವರಿಲ್ಲ. ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿದರೆ ಹಳದಿ, ಹಾಕದಿದ್ದರೆ ಹೀಗೇ ಎಂದು ಅದರಲ್ಲಿ ಅಪ್ಪನೇ ಹೇಳಿದ್ದಾರೆ, ಸ್ವಲ್ಪ ಗದರಿದ ಹಾಗೆ. ಜನರಿಗೆ ಆ ಗದರಿಕೆಯೇ ಹಿಡಿಸಿದೆ.

ವಾರಕ್ಕೆ ನಾಲ್ಕು ಕೆ.ಜಿ. ಹೋಗುತ್ತಿದ್ದದ್ದು ಈಗ ಮೂವತ್ತು. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯನ್ನೂ ಹಾಕಿಸಿದೆ. ‘ಮಧುಮೇಹಕ್ಕೆ ಒಳ್ಳೆಯದು ಎಂದು ಬರೆಯಿರಿ’ ಎಂಬ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ. ಬೆಲ್ಲವೂ ಸಕ್ಕರೆಯೇ ತಾನೇ.

ಕೊರಿಯರ್‌ನಲ್ಲಿ ಅಚ್ಚು ಒಡೆಯುವ ತಲೆನೋವು ಇನ್ನೂ ಇದೆ. ಮಳೆಗಾಲಕ್ಕೆ ಬೆಲ್ಲ ನೀರೊಡೆಯದಂತೆ ಹೇಗೆ ಕಟ್ಟುತ್ತೀರಿ?